ಮೀಟರ್ ಕ್ಲಸ್ಟರ್ ಬದಲಿಸದೆ ದುರಸ್ತಿ ಮಾಡಿಕೊಡುವ ಸೇವೆ: ಒಂದು ವಿಮರ್ಶೆ

ವೇಗ, ಇಂಧನ, ಎಂಜಿನ್ನಿನ ತಾಪ ಮತ್ತು ಎಚ್ಚರಿಕೆಯ ದೀಪಗಳನ್ನು ಚಾಲಕರ ಕಣ್ಣೆದುರು ಇಡುವ ಮೀಟರ್ ಕ್ಲಸ್ಟರ್ ಕೆಟ್ಟಾಗ ಮಾಲೀಕರಿಗೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಇಡೀ ಕ್ಲಸ್ಟರನ್ನು ತೆಗೆದು ಹೊಸದನ್ನು ಕೂರಿಸುವುದು ಒಂದು. ಕೆಟ್ಟದ್ದನ್ನೇ ಬಿಚ್ಚಿ, ಒಳಗಿನ ಸರ್ಕೀಟ್ ಬೋರ್ಡನ್ನು ಸರಿಪಡಿಸಿ, ಅದನ್ನೇ ಮರಳಿ ಹಾಕಿಸುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿಕೊಂಡೆ. ಕಾರುಗಳ ಎಲೆಕ್ಟ್ರಾನಿಕ್ ಭಾಗಗಳನ್ನಷ್ಟೇ ದುರಸ್ತಿ ಮಾಡುವ ಒಂದು ಸ್ವತಂತ್ರ ವರ್ಕ್‌ಶಾಪ್ ಈ ಕೆಲಸವನ್ನು ಮಾಡಿಕೊಟ್ಟಿತು. ಇದು ಆ ಸೇವೆಯ ವಿಮರ್ಶೆ. ನನ್ನ ತೀರ್ಮಾನವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಇಂಥ ಸೇವೆಯಲ್ಲಿ ಬೆಸುಗೆಯ ಕೈಚಳಕಕ್ಕಿಂತ ಮೊದಲು ನೋಡಬೇಕಾದದ್ದು, ದೋಷ ನಿಜವಾಗಿಯೂ ಕ್ಲಸ್ಟರಿನಲ್ಲಿಯೇ ಇದೆಯೇ ಎಂಬುದನ್ನು ಅದನ್ನು ಬಿಚ್ಚುವ ಮುನ್ನ ಅವರು ಎಷ್ಟು ತಾಳ್ಮೆಯಿಂದ ಖಚಿತಪಡಿಸಿಕೊಳ್ಳುತ್ತಾರೆ ಎಂಬುದನ್ನು. ಈ ವರ್ಕ್‌ಶಾಪ್ ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ತೇರ್ಗಡೆಯಾಯಿತು. ಕೆಲವು ಕೊರತೆಗಳೂ ಇದ್ದವು, ಅವನ್ನೂ ಬರೆಯುತ್ತೇನೆ.

ನಮ್ಮ ಕಾರಿನ ತೊಂದರೆ ಒಮ್ಮೆಲೇ ಬಂದದ್ದಲ್ಲ. ಕಾರು ಓಡುತ್ತಿರುವಾಗಲೇ ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬಿದ್ದು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮೇಲೇಳುತ್ತಿತ್ತು. ಬರಬರುತ್ತ ಎಲ್ಲ ಮುಳ್ಳುಗಳೂ ಒಟ್ಟಿಗೆ ಬೀಳತೊಡಗಿದವು, ಮೀಟರಿನ ಹಿಂಬೆಳಕು ಆರಿಹೋಗುತ್ತಿತ್ತು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಮತ್ತು ಎಂಜಿನ್ ದೀಪಗಳು ಒಂದೇ ಸಲ ಹೊತ್ತಿಕೊಂಡು ಮರುಕ್ಷಣವೇ ನಂದುತ್ತಿದ್ದವು. ಎಂಜಿನ್ ಮಾತ್ರ ಯಾವ ಅಡಚಣೆಯೂ ಇಲ್ಲದೆ ಓಡುತ್ತಿತ್ತು. ಕಾರಿನ ಒಳಭಾಗ ಬಿಸಿಯೇರಿದಾಗ ತೊಂದರೆ ಹೆಚ್ಚುತ್ತಿತ್ತು, ತಣ್ಣಗಿದ್ದಾಗ ಕಡಿಮೆಯಾಗುತ್ತಿತ್ತು. ರಸ್ತೆಯ ಹೊಂಡಕ್ಕೆ ಚಕ್ರ ಇಳಿದಾಗ, ಸತ್ತಂತಿದ್ದ ಮೀಟರಿಗೆ ಜೀವ ಬರುತ್ತಿತ್ತು. ಇಂಧನದ ಮುಳ್ಳಿನ ರೀತಿಯೇ ಬೇರೆಯಾಗಿತ್ತು: ಟ್ಯಾಂಕ್ ತುಂಬಿಸಿದ ಮೇಲೂ ಅದು ಅರ್ಧದ ಆಸುಪಾಸಿನಲ್ಲಿ ಅಲುಗಾಡುತ್ತಲೇ ಇತ್ತು. ಇಷ್ಟು ವಿವರವಾಗಿ ಬರೆಯುತ್ತಿರುವುದು ಏಕೆಂದರೆ ಇವುಗಳಲ್ಲಿ ಪ್ರತಿಯೊಂದೂ ದೋಷ ಎಲ್ಲಿದೆ ಎಂಬುದರ ಸುಳಿವು. ‘ಮೀಟರ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ವಾಕ್ಯದಿಂದ ಯಾವ ತಂತ್ರಜ್ಞನಿಗೂ ಹೆಚ್ಚೇನೂ ತಿಳಿಯುವುದಿಲ್ಲ.

ದುರಸ್ತಿಯ ಮಾತಿಗೆ ಹೋಗುವ ಮುನ್ನ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮೀಟರ್ ಸತ್ತ ಕಾರನ್ನು ಮೊಬೈಲಿನ ಜಿಪಿಎಸ್ ನೋಡಿಕೊಂಡು ಓಡಿಸಬಹುದು ಎಂದು ಹಲವರು ಹೇಳುತ್ತಾರೆ. ಜಿಪಿಎಸ್ ವೇಗವನ್ನು ತೋರಿಸುತ್ತದೆ, ನಿಜ. ಆದರೆ ಎಂಜಿನ್ ಆಯಿಲಿನ ಒತ್ತಡ ಕುಸಿದರೆ, ಕೂಲಂಟ್ ಸೋರಿ ಎಂಜಿನ್ ಕಾದರೆ, ಬ್ರೇಕ್ ದ್ರವ ಕಡಿಮೆಯಾದರೆ ಅದನ್ನು ತಿಳಿಸಬೇಕಾದ ಕೆಂಪು ದೀಪಗಳೂ ಕ್ಲಸ್ಟರಿನ ಜೊತೆಗೇ ಸತ್ತಿರುತ್ತವೆ. ಆಯಿಲ್ ಒತ್ತಡದ ದೀಪ ಹೊತ್ತಿದ ಮೇಲೂ ಓಡಿಸಿದರೆ ಎಂಜಿನ್ನಿನ ಬೇರಿಂಗುಗಳು ಸವೆದುಹೋಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಕ್ಲಸ್ಟರ್ ಪೂರ್ತಿ ನಿಂತ ಮೇಲೆ ನಾವು ಕಾರನ್ನು ಓಡಿಸಲಿಲ್ಲ, ಟೋ ಮಾಡಿಸಿಯೇ ಒಯ್ದೆವು. ಬೇರೆಯವರಿಗೂ ನನ್ನ ಸಲಹೆ ಇದೇ.

ಮೊದಲು ಹೋದದ್ದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ. ಅಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿದಾಗ ಯು 0155 ಎಂಬ ದೋಷಸಂಕೇತ ದಾಖಲಾಗಿತ್ತು. ಕ್ಲಸ್ಟರಿನೊಂದಿಗೆ ಸಂಪರ್ಕ ತಪ್ಪಿದೆ ಎಂದು ಕಾರಿನ ಬೇರೊಂದು ಕಂಟ್ರೋಲ್ ಯೂನಿಟ್ ದೂರುತ್ತಿದೆ ಎಂಬುದಷ್ಟೇ ಅದರ ಅರ್ಥ. ಸಂಪರ್ಕ ಏಕೆ ತಪ್ಪಿತು ಎಂಬುದನ್ನು ಸಂಕೇತ ಹೇಳುವುದಿಲ್ಲ. ಫ್ಯೂಸ್ ಹೋಗಿರಬಹುದು, ಅರ್ತ್ ವೈರ್ ಸಡಿಲವಾಗಿರಬಹುದು, ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದಿರಬಹುದು, ಕ್ಲಸ್ಟರೇ ಕೆಟ್ಟಿರಬಹುದು. ಆದರೆ ಅಲ್ಲಿನ ಸಲಹೆಗಾರರು ಸಂಕೇತವನ್ನು ಓದಿದ ಕೂಡಲೇ ಹೊಸ ಕ್ಲಸ್ಟರಿಗೆ ಅಂದಾಜುಪಟ್ಟಿ ಬರೆದುಕೊಟ್ಟರು. ಇಂಧನದ ಮುಳ್ಳಿನ ತೊಂದರೆಯನ್ನು ಪ್ರತ್ಯೇಕವಾಗಿ ಹೇಳಿದಾಗ, ಎಲ್ಲವೂ ಒಂದೇ ಸೆಟ್ಟಿನಲ್ಲಿರುವುದರಿಂದ ಹೊಸದು ಹಾಕಿದರೆ ಅದೂ ಸರಿಹೋಗುತ್ತದೆ ಎಂಬ ಉತ್ತರ ಬಂತು. ಈ ಉತ್ತರ ತಪ್ಪಾಗಿತ್ತು ಎಂಬುದು ಮುಂದೆ ಗೊತ್ತಾಯಿತು. ಸರ್ವಿಸ್ ಸೆಂಟರುಗಳಿಗೆ ಬೋರ್ಡ್ ಮಟ್ಟದ ದುರಸ್ತಿ ಮಾಡುವ ವ್ಯವಸ್ಥೆಯೂ ಅನುಮತಿಯೂ ಸಾಮಾನ್ಯವಾಗಿ ಇರುವುದಿಲ್ಲ, ಇಡೀ ಭಾಗವನ್ನು ಬದಲಿಸುವುದೇ ಅವರಿಗಿರುವ ಕಾರ್ಯವಿಧಾನ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ವೋಲ್ಟೇಜ್, ರೋಧ ಅಳೆಯುವ ಮಲ್ಟಿಮೀಟರನ್ನು ಕೈಗೆತ್ತಿಕೊಳ್ಳದೆ ಅಷ್ಟು ದುಬಾರಿಯಾದ ಭಾಗವನ್ನು ಬದಲಿಸಲು ಹೇಳಿದ್ದನ್ನು ಮಾತ್ರ ಆಕ್ಷೇಪಿಸುತ್ತೇನೆ.

ಹಿಂದಿನ ಕಾಲದ ಕಾರುಗಳಲ್ಲಿ ಈ ಗೊಂದಲಕ್ಕೆ ಅವಕಾಶವೇ ಇರಲಿಲ್ಲ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಸ್ಪೀಡೋಮೀಟರಿನಲ್ಲಿ ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದರ ಸೆಳೆತಕ್ಕೆ ಲೋಹದ ಬಟ್ಟಲೊಂದು ಸ್ಪ್ರಿಂಗಿಗೆ ಎದುರಾಗಿ ಹೊರಳಿ ಮುಳ್ಳನ್ನು ಎಳೆಯುತ್ತದೆ. ಕೇಬಲ್ ತುಂಡಾದರೆ ವೇಗದ ಮುಳ್ಳೊಂದೇ ನಿಲ್ಲುತ್ತದೆ, ಉಳಿದವು ಎಂದಿನಂತೆ ಇರುತ್ತವೆ. ಈಗಿನ ಕ್ಲಸ್ಟರ್ ಹಾಗಲ್ಲ. ಅದು ಕಾರಿನೊಳಗಿನ ಸಂವಹನಜಾಲದ ಒಬ್ಬ ಸದಸ್ಯ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಬಸ್ ಎಂಬ ವ್ಯವಸ್ಥೆಯಲ್ಲಿ ಹೆಣೆದ ಎರಡು ತಂತಿಗಳ ಮೇಲೆ ಎಂಜಿನ್, ಬ್ರೇಕ್, ಏರ್‌ಬ್ಯಾಗ್ ಮುಂತಾದ ಎಲ್ಲ ಯೂನಿಟ್‌ಗಳೂ ಮಾತಾಡಿಕೊಳ್ಳುತ್ತವೆ. ಕ್ಲಸ್ಟರ್ ಆ ಮಾತುಗಳನ್ನು ಕೇಳಿಸಿಕೊಂಡು ಮುಳ್ಳನ್ನು ತಿರುಗಿಸುತ್ತದೆ, ದೀಪವನ್ನು ಹೊತ್ತಿಸುತ್ತದೆ. ಹೀಗಾಗಿ ಮುಳ್ಳು ಬಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ: ಮಾತು ಬರುತ್ತಿಲ್ಲವೇ, ಬಂದ ಮಾತು ಕೇಳಿಸುತ್ತಿಲ್ಲವೇ?

ವರ್ಕ್‌ಶಾಪಿನವರು ಹಿಡಿದದ್ದು ಇದೇ ದಾರಿ. ಕಾರನ್ನು ಒಳಗೆ ತೆಗೆದುಕೊಳ್ಳುವ ಮೊದಲೇ ಅಲ್ಲಿನ ತಂತ್ರಜ್ಞರು ಕೇಳಿದ ಪ್ರಶ್ನೆಗಳು ನನಗೆ ಭರವಸೆ ಹುಟ್ಟಿಸಿದವು: ಬಿಸಿಯಲ್ಲಿ ಹೆಚ್ಚೋ ತಂಪಿನಲ್ಲಿ ಹೆಚ್ಚೋ, ಎಲ್ಲ ಮುಳ್ಳುಗಳೂ ಒಟ್ಟಿಗೆ ಬೀಳುತ್ತವೆಯೋ ಒಂದೊಂದಾಗಿಯೋ, ಆ ಕ್ಷಣದಲ್ಲಿ ಎಂಜಿನ್ ತಡವರಿಸುತ್ತದೆಯೋ, ಇತ್ತೀಚೆಗೆ ಬ್ಯಾಟರಿ ಬದಲಿಸಿದ್ದೀರಾ, ಬೇರೆ ಗಾಡಿಯಿಂದ ಜಂಪ್ ಸ್ಟಾರ್ಟ್ ಮಾಡಿಸಿದ್ದೀರಾ, ಮುಂದಿನ ಗಾಜಿನ ಅಂಚಿನಿಂದ ನೀರು ಇಳಿದದ್ದುಂಟಾ. ಕೊನೆಯ ಮೂರು ಪ್ರಶ್ನೆಗಳ ಮಹತ್ವ ಬಹಳ ಜನರಿಗೆ ತಿಳಿದಿರುವುದಿಲ್ಲ. ಜಂಪ್ ಸ್ಟಾರ್ಟ್ ಮಾಡುವಾಗ ಕೇಬಲ್ ಅದಲು ಬದಲಾದರೆ ಅಥವಾ ವೋಲ್ಟೇಜ್ ಹಠಾತ್ತನೆ ಏರಿದರೆ ಮೊದಲು ಪೆಟ್ಟು ತಿನ್ನಬಹುದಾದ ಭಾಗಗಳಲ್ಲಿ ಕ್ಲಸ್ಟರಿನ ಪವರ್ ಸಪ್ಲೈ ಒಂದು. ನೀರು ಇಳಿದ ಕ್ಲಸ್ಟರಾದರೆ ದುರಸ್ತಿ ಮಾಡಿದರೂ ಅದರ ಬಾಳಿಕೆಗೆ ಭರವಸೆ ಕೊಡುವುದಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು.

ಆಮೇಲೆ ಅಳತೆಗಳು ಶುರುವಾದವು. ಎಂಜಿನ್ ನಿಂತಿರುವಾಗ ಬ್ಯಾಟರಿಯ ವೋಲ್ಟೇಜನ್ನು ನೋಡಿದರು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದಾಗಿ ಅದು 14 ವೋಲ್ಟಿನ ಆಸುಪಾಸಿಗೆ ಏರಬೇಕು. ದುರ್ಬಲ ಬ್ಯಾಟರಿಯೊಂದೇ ಸಾಕು, ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಕ್ಲಸ್ಟರ್ ಮಿಣುಕಿ ರೀಸೆಟ್ ಆಗಲು. ಎಷ್ಟೋ ಕ್ಲಸ್ಟರುಗಳು ಈ ಕಾರಣಕ್ಕೆ ಅನ್ಯಾಯವಾಗಿ ಬದಲಾಗುತ್ತವೆ. ನಮ್ಮ ಬ್ಯಾಟರಿ ಸರಿಯಾಗಿತ್ತು. ಅನಂತರ ಕ್ಲಸ್ಟರಿನ ಕನೆಕ್ಟರಿಗೆ ಬರುವ ಎರಡು ಸಪ್ಲೈಗಳನ್ನು, ಅಂದರೆ ಕೀಲಿ ತೆಗೆದರೂ ಇರುವ ಶಾಶ್ವತ ಸಪ್ಲೈ ಮತ್ತು ಕೀಲಿ ತಿರುಗಿಸಿದಾಗ ಮಾತ್ರ ಬರುವ ಇಗ್ನಿಷನ್ ಸಪ್ಲೈಯನ್ನು, ಬೇರೆ ಬೇರೆಯಾಗಿ ಅಳೆದರು. ಅರ್ತ್ ವೈರನ್ನು ಪರೀಕ್ಷಿಸಿದ ಕ್ರಮ ನನಗೆ ವಿಶೇಷವಾಗಿ ಹಿಡಿಸಿತು. ಬರೀ ಸಂಪರ್ಕ ಇದೆಯೇ ಎಂದು ನೋಡದೆ, ಹೆಡ್‌ಲೈಟ್ ಮತ್ತು ಬ್ಲೋವರ್ ಎರಡನ್ನೂ ಹಾಕಿ, ಆ ಹೊರೆಯಿರುವಾಗಲೇ ಕ್ಲಸ್ಟರಿನ ಅರ್ತ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಎಷ್ಟು ವೋಲ್ಟೇಜ್ ನಷ್ಟವಾಗುತ್ತಿದೆ ಎಂದು ನೋಡಿದರು. ಸಡಿಲವಾದ ಅರ್ತ್ ಹೊರೆಯಿಲ್ಲದಾಗ ಸರಿಯಾಗಿಯೇ ಕಾಣುತ್ತದೆ, ಹೊರೆ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಕ್ಯಾನ್ ಬಸ್ಸಿನ ಪರೀಕ್ಷೆ ಇನ್ನೂ ಸರಳವಾಗಿತ್ತು. ಬ್ಯಾಟರಿಯ ಸಂಪರ್ಕ ತೆಗೆದು, ಚುಕ್ಕಾಣಿಯ ಕೆಳಗಿನ ಡಯಾಗ್ನೋಸ್ಟಿಕ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವಿನ ರೋಧವನ್ನು ಅಳೆದರು. ಜಾಲದ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ಎರಡೂ ಸೇರಿ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ ಎಂದರ್ಥ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿವೆ ಎಂದರ್ಥ. ನಮ್ಮಲ್ಲಿ 60ರ ಹತ್ತಿರವೇ ಬಂತು. ಕೆಲವು ಕಾರುಗಳಲ್ಲಿ ಈ ಎರಡು ರೆಸಿಸ್ಟರುಗಳಲ್ಲಿ ಒಂದು ಕ್ಲಸ್ಟರಿನೊಳಗೇ ಇರುತ್ತದೆ, ಆದ್ದರಿಂದ ಕ್ಲಸ್ಟರನ್ನು ಕಳಚಿಟ್ಟು ಕಾರನ್ನು ಓಡಿಸಿದರೆ ಇತರ ಯೂನಿಟ್‌ಗಳ ಸಂವಹನವೂ ಹಾಳಾಗಬಹುದು ಎಂದು ತಂತ್ರಜ್ಞರು ವಿವರಿಸಿದರು. ಕೊನೆಗೆ ಸ್ಕ್ಯಾನರ್ ಜೋಡಿಸಿ, ಮುಳ್ಳು ಸೊನ್ನೆಯಲ್ಲಿ ಬಿದ್ದಿರುವಾಗಲೇ ಎಂಜಿನ್ ಯೂನಿಟ್ ವರದಿ ಮಾಡುತ್ತಿರುವ ವೇಗವನ್ನು ಪರದೆಯ ಮೇಲೆ ತೋರಿಸಿದರು. ವೇಗದ ಮಾಹಿತಿ ಜಾಲದಲ್ಲಿ ಸರಿಯಾಗಿ ಹರಿಯುತ್ತಿತ್ತು. ಸಪ್ಲೈ ಸರಿ, ಅರ್ತ್ ಸರಿ, ತಂತಿ ಸರಿ, ಮಾಹಿತಿಯೂ ಸರಿ. ಹಾಗಾದರೆ ದೋಷ ಕ್ಲಸ್ಟರಿನೊಳಗೇ ಇದೆ. ಇಲ್ಲಿಗೆ ಬರುವವರೆಗೆ ಅವರು ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂವನ್ನೂ ಬಿಚ್ಚಿರಲಿಲ್ಲ.

ಇಂಧನದ ಮುಳ್ಳಿಗೆ ಬೇರೆ ಪರೀಕ್ಷೆ ನಡೆಯಿತು. ಟ್ಯಾಂಕಿನ ಫ್ಲೋಟಿನ ಕನೆಕ್ಟರನ್ನು ಕಳಚಿ, ಅದರ ಜಾಗದಲ್ಲಿ ಅಳತೆ ಗೊತ್ತಿರುವ ರೆಸಿಸ್ಟರುಗಳನ್ನು ಒಂದಾದ ಮೇಲೊಂದು ಜೋಡಿಸಿದಾಗ ಮುಳ್ಳು ಖಾಲಿ, ಅರ್ಧ, ಪೂರ್ತಿ ಎಂದು ತಪ್ಪದೆ ತೋರಿಸಿತು. ಅಂದರೆ ಮೀಟರ್ ಸರಿಯಿದೆ, ಟ್ಯಾಂಕಿನೊಳಗೆ ಫ್ಲೋಟಿನ ಮೂಲಕ ಇಂಧನದ ಮಟ್ಟವನ್ನು ಅಳೆದು ಕಳಿಸುವ ಸೆಂಡರ್ ಸವೆದಿದೆ. ‘ಇದು ನಮ್ಮ ಕೆಲಸವಲ್ಲ, ನಿಮ್ಮ ಮೆಕ್ಯಾನಿಕ್ ಹತ್ತಿರ ಸೆಂಡರ್ ಬದಲಿಸಿಕೊಳ್ಳಿ’ ಎಂದು ಹೇಳಿ ಅದನ್ನು ತಮ್ಮ ಬಿಲ್ಲಿನಿಂದ ಹೊರಗಿಟ್ಟರು. ನನ್ನ ಪಾಲಿಗೆ ಈ ಸೇವೆಯ ಅತ್ಯುತ್ತಮ ಭಾಗ ಇದೇ. ಸರ್ವಿಸ್ ಸೆಂಟರಿನ ಮಾತು ಕೇಳಿ ಹೊಸ ಕ್ಲಸ್ಟರ್ ಹಾಕಿಸಿದ್ದರೂ ಇಂಧನದ ಮುಳ್ಳು ಅದೇ ತಪ್ಪನ್ನು ತೋರಿಸುತ್ತಲೇ ಇರುತ್ತಿತ್ತು.

ಕ್ಲಸ್ಟರ್ ಹೊರತೆಗೆದ ಮೇಲಿನ ಕೆಲಸವನ್ನು ಕೇಳಿಕೊಂಡಾಗ ನೋಡಲು ಬಿಟ್ಟರು. ಮೇಜಿನ ಮೇಲೆ ಸ್ಥಾಯೀವಿದ್ಯುತ್ತನ್ನು ತಡೆಯುವ ಹಾಸು, ಕೈಗೆ ಅರ್ತ್ ಪಟ್ಟಿ. ಬೋರ್ಡಿನ ಚಿಪ್ಪುಗಳು ಬೆರಳಿನಿಂದ ಹಾರುವ ಕಾಣದ ಕಿಡಿಗೂ ಸಾಯಬಹುದು ಎಂಬ ಎಚ್ಚರ ಅಲ್ಲಿತ್ತು. ಭೂತಗನ್ನಡಿಯ ಕೆಳಗೆ ಕನೆಕ್ಟರಿನ ಪಿನ್ನುಗಳ ಬುಡದಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಂಥ ಉಂಗುರಾಕಾರದ ಬಿರುಕು ಕಾಣಿಸಿತು. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾಯುತ್ತದೆ, ರಾತ್ರಿ ತಣಿಯುತ್ತದೆ. ಬೋರ್ಡ್, ಪಿನ್ನು, ಬೆಸುಗೆ ಈ ಮೂರೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ವರ್ಷಗಳ ಮೇಲೆ ಬೆಸುಗೆ ದಣಿದು ಬಿರಿಯುತ್ತದೆ. ಬಿಸಿಗೆ ಹೆಚ್ಚುತ್ತಿದ್ದ, ಹೊಂಡದ ಕುಲುಕಿಗೆ ಸರಿಹೋಗುತ್ತಿದ್ದ ತೊಂದರೆಯ ಗುಟ್ಟು ಅಲ್ಲಿತ್ತು. ಸಪ್ಲೈ ಪಿನ್ನಿನ ಬುಡದಲ್ಲಿಯೇ ಬಿರುಕಿದ್ದುದರಿಂದ ಎಲ್ಲ ಮುಳ್ಳುಗಳೂ ಒಟ್ಟಿಗೆ ಬೀಳುತ್ತಿದ್ದವು. ಕಾಣಿಸಿದ ಬಿರುಕಿಗಷ್ಟೇ ಹೊಸ ಸೀಸ ತಾಗಿಸಿ ಮುಗಿಸಲಿಲ್ಲ. ಆ ಸಾಲಿನ ಎಲ್ಲ ಪಿನ್ನುಗಳ ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಶುಚಿ ಮಾಡಿ, ಹೊಸದಾಗಿ ಬೆಸೆದರು. ಪವರ್ ಸಪ್ಲೈ ಭಾಗದಲ್ಲಿ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳನ್ನೂ ಬದಲಿಸಿದರು. ಇವುಗಳೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಒಣಗುತ್ತದೆ. ಕ್ಲಸ್ಟರ್ ಒಮ್ಮೆ ಬಿಚ್ಚಿದ ಮೇಲೆ ಅವನ್ನು ಹಾಗೆಯೇ ಬಿಡುವುದು ಸರಿಯಲ್ಲ ಎಂಬ ಅವರ ಮಾತು ನನಗೂ ಒಪ್ಪಿಗೆಯಾಯಿತು.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳಿನ ಹಿಂದಿನ ಪುಟ್ಟ ಸ್ಟೆಪ್ಪರ್ ಮೋಟರ್ ಕೂಡ ಸವೆದಿತ್ತು. ಈಗಿನ ಮುಳ್ಳಿನ ಮೀಟರುಗಳಲ್ಲಿ ಹೆಚ್ಚಿನವನ್ನು ತಿರುಗಿಸುವುದು ಇಂಥ ಮೋಟರುಗಳೇ. ಒಳಗೆ ಪ್ಲಾಸ್ಟಿಕ್ಕಿನ ಸಣ್ಣ ಗೇರುಗಳಿರುತ್ತವೆ. ಇವು ಕೆಟ್ಟಾಗ ಮುಳ್ಳು ನಡುಗುತ್ತದೆ, ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಕೀಲಿ ತೆಗೆದ ಮೇಲೂ ಸೊನ್ನೆಗೆ ಇಳಿಯುವುದಿಲ್ಲ. 2000ರ ದಶಕದ ಮಧ್ಯಭಾಗದ ಜನರಲ್ ಮೋಟರ್ಸ್ ಪಿಕಪ್ ಮತ್ತು ಎಸ್‌ಯುವಿಗಳಲ್ಲಿ ಈ ಮೋಟರುಗಳು ಎಷ್ಟು ವ್ಯಾಪಕವಾಗಿ ಕೆಟ್ಟವೆಂದರೆ, ಅವನ್ನು ಬದಲಿಸಿಕೊಡುವುದೇ ಒಂದು ಕಸುಬಾಯಿತು. ಹೊಸ ಮೋಟರ್ ಹಾಕುವುದಕ್ಕಿಂತ ಸೂಕ್ಷ್ಮವಾದ ಕೆಲಸ ಮುಳ್ಳನ್ನು ಕೀಳುವುದು ಮತ್ತು ಮರಳಿ ಕೂರಿಸುವುದು. ಕೈಗೆ ಸಿಕ್ಕ ಸ್ಕ್ರೂಡ್ರೈವರಿನಿಂದ ಮೀಟಿದರೆ ಮೋಟರಿನ ತೆಳುವಾದ ದಂಡವೇ ಮುರಿಯುತ್ತದೆ, ಡಯಲಿನ ಮುದ್ರಣಕ್ಕೂ ಗೀರು ಬೀಳುತ್ತದೆ. ಅವರು ಡಯಲಿನ ಮೇಲೆ ತೆಳುವಾದ ಹಾಳೆಯಿಟ್ಟು, ಎರಡೂ ಬದಿಯಿಂದ ಸಮನಾಗಿ ಎತ್ತುವ ಕವಲುಳ್ಳ ಸಾಧನದಿಂದ ಮುಳ್ಳನ್ನು ಬಿಡಿಸಿದರು. ಕೂರಿಸುವಾಗ ಟೆಸ್ಟರಿನಿಂದ ಮೋಟರಿಗೆ ನಿರ್ದಿಷ್ಟ ಸ್ಥಾನಕ್ಕೆ ಹೋಗುವ ಆದೇಶ ಕೊಟ್ಟು, ಅದು ಅಲ್ಲಿ ನಿಂತ ಮೇಲೆ ಮುಳ್ಳನ್ನು ಅದೇ ಗುರುತಿಗೆ ಒತ್ತಿದರು. ಅಂದಾಜಿನಿಂದ ಸೊನ್ನೆಗೆ ಒತ್ತಿ ಮುಗಿಸುವವರೂ ಇದ್ದಾರೆ. ಹಾಗೆ ಕೂರಿಸಿದ ಮುಳ್ಳು ಸ್ವಲ್ಪವೇ ಓರೆಯಾದರೂ ಆ ತಪ್ಪು ಮಾಪಕದ ಉದ್ದಕ್ಕೂ ಉಳಿಯುತ್ತದೆ.

ಇನ್ನು ಓಡೋಮೀಟರಿನ ವಿಷಯ. ಕ್ಲಸ್ಟರ್ ದುರಸ್ತಿ ಎಂದರೆ ಕೆಲವರಿಗೆ ಮೊದಲು ನೆನಪಾಗುವುದು ಕಿಲೋಮೀಟರ್ ಇಳಿಸುವ ದಂಧೆ, ಮತ್ತು ಆ ಅನುಮಾನಕ್ಕೆ ಆಧಾರವೂ ಇದೆ. ಅನೇಕ ಕ್ಲಸ್ಟರುಗಳಲ್ಲಿ ಓಡಿದ ದೂರ ವಿದ್ಯುತ್ ಇಲ್ಲದಿದ್ದರೂ ಮಾಹಿತಿಯನ್ನು ಉಳಿಸಿಕೊಳ್ಳುವ ಒಂದು ಪುಟ್ಟ ಇಇಪ್ರಾಮ್ ಚಿಪ್ಪಿನಲ್ಲಿ, ಸಾಮಾನ್ಯವಾಗಿ 24ಸಿ ಅಥವಾ 93ಸಿ ಸರಣಿಯ ಎಂಟು ಕಾಲಿನ ಚಿಪ್ಪಿನಲ್ಲಿ ದಾಖಲಾಗಿರುತ್ತದೆ. ಅದನ್ನು ಓದುವ ಸಾಧನವಿರುವವರಿಗೆ ಬರೆಯುವುದೂ ಸಾಧ್ಯ. ಕಾರು ಕೊಳ್ಳುವವರನ್ನು ವಂಚಿಸುವ ಈ ಕೆಲಸ ಹಲವು ದೇಶಗಳಲ್ಲಿ ಶಿಕ್ಷಾರ್ಹ ಅಪರಾಧ. ಈ ವರ್ಕ್‌ಶಾಪಿನವರು ಬೆಸುಗೆಗೆ ಕೈಹಾಕುವ ಮುನ್ನ ಚಿಪ್ಪಿನ ಮಾಹಿತಿಯನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ಅಕ್ಷರಶಃ ಒಂದೇ ಎಂದು ಹೋಲಿಸಿ, ಉಳಿಸಿಕೊಂಡರು. ಬೋರ್ಡ್ ಕೈಯಲ್ಲಿ ಸತ್ತರೂ ದೂರದ ದಾಖಲೆ ಉಳಿಯಬೇಕೆಂಬುದು ಇದರ ಉದ್ದೇಶ. ಬರುವಾಗ ಇದ್ದ ಓಟ, ಹೋಗುವಾಗ ಇದ್ದ ಓಟ ಎರಡನ್ನೂ ಬಿಲ್ಲಿನಲ್ಲಿ ಬರೆದರು, ಫೋಟೋ ತೆಗೆದು ಕಳಿಸಿದರು. ಯಾರೇ ಕೇಳಿದರೂ ಆ ಸಂಖ್ಯೆಯನ್ನು ಬದಲಿಸುವುದಿಲ್ಲ ಎಂಬ ಫಲಕ ಅವರ ಗೋಡೆಯ ಮೇಲಿದೆ. ಈ ವಿಷಯದಲ್ಲಿ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಹಳೆಯ ಕಾರಿನಿಂದ ತೆಗೆದ ಬೇರೆ ಕ್ಲಸ್ಟರ್ ಹಾಕಿಬಿಟ್ಟರೆ ಇಷ್ಟೆಲ್ಲ ತೊಂದರೆ ಇಲ್ಲವಲ್ಲ ಎಂದು ಪರಿಚಿತರೊಬ್ಬರು ಕೇಳಿದ್ದರು. ಎರಡು ತೊಂದರೆಗಳಿವೆ. ಆ ಕ್ಲಸ್ಟರ್ ತನ್ನ ಹಿಂದಿನ ಕಾರಿನ ಓಟವನ್ನೇ ತೋರಿಸುತ್ತದೆ; ಅದರಿಂದ ನಮ್ಮ ಕಾರಿನ ನಿಜವಾದ ಇತಿಹಾಸ ಅಳಿಸಿಹೋಗುತ್ತದೆ. ಎರಡನೆಯದು ಇಮ್ಮೊಬಿಲೈಜರ್, ಅಂದರೆ ಸರಿಯಾದ ಕೀಲಿ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ. ಫೋಕ್ಸ್‌ವ್ಯಾಗನ್ ಸಮೂಹದ ಅನೇಕ ಕಾರುಗಳೂ ಸೇರಿದಂತೆ ಹಲವು ಮಾದರಿಗಳಲ್ಲಿ ಕೀಲಿಯ ಗುರುತನ್ನು ಪರೀಕ್ಷಿಸುವ ಕೆಲಸ ಕ್ಲಸ್ಟರಿನದೇ. ಅಪರಿಚಿತ ಕ್ಲಸ್ಟರ್ ಬಂದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಅಥವಾ ಆದ ಕೆಲವೇ ಕ್ಷಣಗಳಲ್ಲಿ ನಿಂತುಹೋಗುತ್ತದೆ. ಹೊಸ ಕ್ಲಸ್ಟರಿಗೂ ಈ ಹೊಂದಾಣಿಕೆ ಬೇಕೇ ಬೇಕು. ತನ್ನದೇ ಕ್ಲಸ್ಟರ್ ಮರಳಿ ಬಂದಾಗ ಈ ಯಾವ ತಾಪತ್ರಯವೂ ಇರುವುದಿಲ್ಲ.

ಕಾರನ್ನು ಮರಳಿ ಒಪ್ಪಿಸುವಾಗ ಮಾಡಿದ ಪರೀಕ್ಷೆಗಳಲ್ಲಿ ಮೊದಲನೆಯದು ದೀಪಗಳದು. ಕೀಲಿ ತಿರುಗಿಸಿ ಎಂಜಿನ್ ಹಾಕದೆ ಇದ್ದಾಗ ಎಚ್ಚರಿಕೆಯ ದೀಪಗಳು ಹೊತ್ತಬೇಕು; ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಸ್ವಲ್ಪ ಹೊತ್ತಿನಲ್ಲಿ ಆರಬೇಕು, ಆಯಿಲ್ ಮತ್ತು ಚಾರ್ಜಿಂಗ್ ದೀಪಗಳು ಎಂಜಿನ್ ಹಾಕುವವರೆಗೆ ಉರಿಯುತ್ತಿರಬೇಕು. ದುರಸ್ತಿಯಾದ ಮೇಲೆ ಯಾವುದಾದರೂ ದೀಪ ಹೊತ್ತದೇ ಇದ್ದರೆ ಅದನ್ನು ನೆಮ್ಮದಿಯ ಸಂಗತಿಯೆಂದು ಭಾವಿಸಬಾರದು, ಆ ದೀಪವೇ ಸತ್ತಿರಬಹುದು. ಆಮೇಲೆ ಬ್ಲೋವರಿನ ಬಿಸಿಗಾಳಿಯನ್ನು ಡ್ಯಾಶ್‌ಬೋರ್ಡಿನತ್ತ ಬಿಟ್ಟು ಕ್ಲಸ್ಟರ್ ಚೆನ್ನಾಗಿ ಕಾದ ಮೇಲೆ ಕಾರನ್ನು ರಸ್ತೆಗೆ ಇಳಿಸಿದರು. ಬಿಸಿಯಲ್ಲಿ ಬರುತ್ತಿದ್ದ ದೋಷವನ್ನು ತಂಪಿನಲ್ಲಿ ಪರೀಕ್ಷಿಸಿ ಏನೂ ಪ್ರಯೋಜನವಿಲ್ಲ ಎಂಬ ತಿಳಿವಳಿಕೆ ಈ ಕ್ರಮದಲ್ಲಿತ್ತು.

ವೇಗವನ್ನು ಜಿಪಿಎಸ್ ಜೊತೆ ಹೋಲಿಸಿದಾಗ ಮುಳ್ಳು ತುಸು ಹೆಚ್ಚು ತೋರಿಸಿತು, ಮತ್ತು ಅದು ಹಾಗೆಯೇ ಇರಬೇಕು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮದಂತೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸುವುದಕ್ಕೆ ನಿಜವಾದ ವೇಗದ ಶೇಕಡಾ 10ರ ಮೇಲೆ 4 ಕಿಲೋಮೀಟರ್ ಮಿತಿಯಿದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರಿನ ಮುಳ್ಳು 92ರವರೆಗೆ ತೋರಿಸಿದರೂ ನಿಯಮದೊಳಗೇ ಇರುತ್ತದೆ, 79 ತೋರಿಸಿದರೆ ಇರುವುದಿಲ್ಲ. ದುರಸ್ತಿಯ ನಂತರ ಮುಳ್ಳು ಜಿಪಿಎಸ್‌ಗಿಂತ ಕಡಿಮೆ ತೋರಿಸಿದರೆ ಕಾರನ್ನು ಒಪ್ಪಿಸಿಕೊಳ್ಳಬೇಡಿ.

ಈಗ ಕೊರತೆಗಳು. ಕೆಲಸ ಯಾವಾಗ ಮುಗಿಯುತ್ತದೆ ಎಂಬುದನ್ನು ಅವರು ಒಮ್ಮೆಯೂ ಖಚಿತವಾಗಿ ಹೇಳಲಿಲ್ಲ. ಮೋಟರ್ ತರಿಸಬೇಕಾದ ವಿಷಯವನ್ನು ನಾನೇ ಫೋನ್ ಮಾಡಿ ತಿಳಿದುಕೊಳ್ಳಬೇಕಾಯಿತು. ಕ್ಲಸ್ಟರ್ ಇಲ್ಲದ ಕಾರನ್ನು ಓಡಿಸಲಾಗದು ಎಂಬುದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಆದ್ದರಿಂದ ಈ ವಿಷಯದಲ್ಲಿ ಅವರು ಹೆಚ್ಚು ಜವಾಬ್ದಾರಿಯಿಂದ ನಡೆದುಕೊಳ್ಳಬೇಕು. ಅಷ್ಟು ಶ್ರದ್ಧೆಯಿಂದ ತೆಗೆದ ಅಳತೆಗಳನ್ನು ಬರೆದುಕೊಡುವ ಪದ್ಧತಿಯೂ ಅಲ್ಲಿಲ್ಲ. ಕೇಳಿದ ಮೇಲೆ ಒಂದು ಹಾಳೆಯಲ್ಲಿ ಗೀಚಿಕೊಟ್ಟರು. ಮುಂದೆ ಬೇರೆ ತೊಂದರೆ ಬಂದಾಗ ಹೋಲಿಸಿ ನೋಡಲು ಆ ಅಂಕಿಗಳು ಅಮೂಲ್ಯವಾದವು, ಅವು ಬಿಲ್ಲಿನ ಭಾಗವಾಗಿಯೇ ಬರಬೇಕು. ಕ್ಲಸ್ಟರಿನ ಮುಂಭಾಗದ ಪಾರದರ್ಶಕ ಹೊದಿಕೆಯ ಅಂಚಿನಲ್ಲಿ ಮೊದಲು ಇಲ್ಲದ ಒಂದು ಸಣ್ಣ ಗೀರು ಕಾಣಿಸಿತು. ತೋರಿಸಿದಾಗ ಒಪ್ಪಿಕೊಂಡು ಪಾಲಿಶ್ ಮಾಡಿಕೊಟ್ಟರು. ಗ್ಯಾರಂಟಿಯ ಮಾತೂ ಸಡಿಲವಾಗಿದೆ: ಬದಲಿಸಿದ ಭಾಗಗಳಿಗೆ ಮಾತ್ರವೋ ಇಡೀ ಕ್ಲಸ್ಟರಿಗೋ ಎಂಬುದು ಬಿಲ್ಲಿನಲ್ಲಿ ಸ್ಪಷ್ಟವಿರಲಿಲ್ಲ, ನಾನು ಹೇಳಿ ಬರೆಸಿಕೊಂಡೆ. ಇಷ್ಟಾದರೂ ದುರಸ್ತಿಯ ಗುಣಮಟ್ಟದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಬಿರುಬಿಸಿಲಿನಲ್ಲಿ ನಿಂತ ಕಾರನ್ನು ತೆಗೆದುಕೊಂಡು ಹೋದಾಗಲೂ ಮುಳ್ಳುಗಳು ಕದಲದೆ ನಿಲ್ಲುತ್ತಿವೆ, ಸೆಂಡರ್ ಬದಲಿಸಿದ ಮೇಲೆ ಇಂಧನದ ಮುಳ್ಳೂ ಸರಿಯಾಗಿದೆ.

ಮುಳ್ಳುಗಳಿಲ್ಲದೆ ಪೂರ್ತಿ ಪರದೆಯೇ ಆಗಿರುವ ಕ್ಲಸ್ಟರುಗಳ ಮಾಲೀಕರಿಗೆ ಈ ಸೇವೆಯನ್ನು ಇಷ್ಟೇ ಧೈರ್ಯದಿಂದ ಶಿಫಾರಸು ಮಾಡಲಾರೆ. ಪರದೆಯ ಮೀಟರುಗಳ ಸಂಕಷ್ಟ ಹೊಸದಲ್ಲ. 1976ರಲ್ಲಿ ಪ್ರದರ್ಶನಕ್ಕೆ ಬಂದ ಆಸ್ಟನ್ ಮಾರ್ಟಿನ್ ಲಗೊಂಡಾ ಕಾರಿನ ಎಲ್‌ಇಡಿ ಅಂಕಿಗಳ ಡಿಜಿಟಲ್ ಫಲಕ ತನ್ನ ಅಂದಕ್ಕೆ ಎಷ್ಟು ಹೆಸರಾಯಿತೋ ಕೆಡುವುದಕ್ಕೂ ಅಷ್ಟೇ ಹೆಸರಾಗಿತ್ತು. ಈಗಿನ ಪರದೆಗಳಲ್ಲಿ ಹಿಂಬೆಳಕು ಅಥವಾ ಪವರ್ ಸಪ್ಲೈ ಕೆಟ್ಟರೆ ಇವರೇ ಸರಿಪಡಿಸುತ್ತಾರೆ. ಪರದೆಯ ಗಾಜು, ಮುಖ್ಯ ಪ್ರೊಸೆಸರ್ ಅಥವಾ ಸಾಫ್ಟ್‌ವೇರ್ ಕೆಟ್ಟರೆ ತಮ್ಮಿಂದ ಆಗುವುದಿಲ್ಲ ಎಂದು ಮೊದಲೇ ಹೇಳುತ್ತಾರೆ. ತಯಾರಕರ ಹೊಣೆಯೇ ಆಗಿರುವ ದೋಷಗಳೂ ಇರುತ್ತವೆ. ಟೆಸ್ಲಾದ 2012ರಿಂದ 2018ರವರೆಗಿನ ಮಾಡೆಲ್ ಎಸ್ ಮತ್ತು 2016ರಿಂದ 2018ರವರೆಗಿನ ಮಾಡೆಲ್ ಎಕ್ಸ್ ಕಾರುಗಳ ನಡುವಿನ ಪರದೆಯ ಹಿಂದಿದ್ದ 8 ಜಿಬಿ ಮೆಮೊರಿ ಚಿಪ್ ಸತತವಾಗಿ ಬರೆಸಿಕೊಂಡು ಸವೆದು, ಹಿಂಬದಿಯ ಕ್ಯಾಮೆರಾದ ನೋಟವೂ ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ಇಲ್ಲವಾಗುತ್ತಿದ್ದುದರಿಂದ, 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅಂಥ ಕಾರಿನ ಮಾಲೀಕರು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸುವ ಅಗತ್ಯವೇ ಇರಲಿಲ್ಲ. ಆದ್ದರಿಂದ ಯಾವ ವರ್ಕ್‌ಶಾಪಿಗೆ ಹೋಗುವ ಮುನ್ನವೂ ಕಾರಿನ ಚಾಸಿ ಸಂಖ್ಯೆಯನ್ನು ತಯಾರಕರ ರೀಕಾಲ್ ಪಟ್ಟಿಯಲ್ಲಿ ಹುಡುಕಿ, ವಾರಂಟಿ ಇನ್ನೂ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳಿ. ಹೊರಗಿನವರು ಒಮ್ಮೆ ಕ್ಲಸ್ಟರಿನ ಸೀಲ್ ಬಿಚ್ಚಿದ ಮೇಲೆ ಕಂಪನಿ ಆ ಭಾಗದ ಹೊಣೆಯನ್ನು ನಿರಾಕರಿಸಬಹುದು.